ಸಿಡಿಲಿನ ಮೇಲೆ ಬಂದ ಅಪವಾದ: ಎನ್‌ಕ್ರಿಪ್ಟ್ ಮಾಡಿದ ಹೋಮ್ ಫೋಲ್ಡರ್ ಮತ್ತು ಬದಲಾದ ಪಾಸ್‌ವರ್ಡ್

ಈ ಪ್ರಕರಣ ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಶಾಲೆ, ಅಂಗಡಿ, ವ್ಯಕ್ತಿ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹಿಡಿಯಲು ಸಾಧ್ಯವಾಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಲ್ಯಾಪ್‌ಟಾಪಿನ ಒಡೆಯರನ್ನು ಮಾಷ್ಟ್ರು ಎಂದೂ ಅವರ ತಂಗಿಯ ಮಗನನ್ನು ಅಳಿಯ ಎಂದೂ ಕರೆಯುತ್ತೇನೆ. ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯಿರುವ ಕಂಪ್ಯೂಟರುಗಳಲ್ಲಿ ಮನೆಮಂದಿಯ ಕಾಗದಪತ್ರ ಇಟ್ಟುಕೊಂಡವರಿಗೂ, ಅಂಥವರಿಗೆ ನೆರವಾಗಲು ಹೋಗುವವರಿಗೂ ಇದು ಉಪಯೋಗಕ್ಕೆ ಬಂದೀತು ಎಂಬುದೇ ಬರೆಯುವುದಕ್ಕೆ ಕಾರಣ.

ಹಿನ್ನೆಲೆ

ಮಾಷ್ಟ್ರು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ, ಅದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಮೇಲೆಯೂ, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ ಆಧಾರದ ವ್ಯವಸ್ಥೆಯನ್ನೇ ಬಳಸುತ್ತಾರೆ. ಹಾಗಾಗಿ ನಮ್ಮ ಜಿಲ್ಲೆಯ ಅಧ್ಯಾಪಕರಿಗೆ ಲಿನಕ್ಸ್ ಅಪರಿಚಿತವಲ್ಲ. ನಿವೃತ್ತಿಯ ನಂತರ ಮಾಷ್ಟ್ರು ತಮ್ಮ ಸ್ವಂತ ಲ್ಯಾಪ್‌ಟಾಪಿಗೂ ಉಬುಂಟುವನ್ನೇ ಹಾಕಿಸಿಕೊಂಡರು. ಆಗ ಇದ್ದದ್ದು 16.04 ಆವೃತ್ತಿ. ಅದರ ಅನುಸ್ಥಾಪನೆಯ ನಡುವೆ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪುಟದಲ್ಲಿಯೇ, ‘ನನ್ನ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡು’ ಎಂಬ ಚೌಕವೊಂದು ಇರುತ್ತಿತ್ತು. ಹೋಮ್ ಫೋಲ್ಡರ್ ಎಂದರೆ ಬಳಕೆದಾರನ ಸ್ವಂತ ಫೈಲುಗಳೆಲ್ಲ ಇರುವ ಜಾಗ. ಎನ್‌ಕ್ರಿಪ್ಟ್ ಮಾಡುವುದೆಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಅವನ್ನು ಗೂಢಲಿಪಿಗೆ ಬದಲಿಸುವುದು. ಅವರು ಆ ಚೌಕಕ್ಕೆ ಗುರುತು ಹಾಕಿದರು. 2018ರ 18.04 ಆವೃತ್ತಿಯಿಂದ ಉಬುಂಟು ಆ ಚೌಕವನ್ನು ತೆಗೆದುಹಾಕಿತು. ಆದರೆ ಮೊದಲೇ ಎನ್‌ಕ್ರಿಪ್ಟ್ ಆಗಿದ್ದ ಫೋಲ್ಡರುಗಳು ಮೇಲಿನ ಆವೃತ್ತಿಗಳಿಗೆ ಏರಿದ ಬಳಿಕವೂ ಹಾಗೆಯೇ ಮುಂದುವರಿದವು. ಮಾಷ್ಟ್ರ ಲ್ಯಾಪ್‌ಟಾಪ್ ಅಂಥದ್ದು.

ಎನ್‌ಕ್ರಿಪ್ಟ್ ಮಾಡಲು ಅವರಿಗೆ ಸಕಾರಣವಿತ್ತು. ಹಳೆ ವಿದ್ಯಾರ್ಥಿ ಸಂಘದ ಲೆಕ್ಕಪತ್ರ ಅವರ ಬಳಿ ಇತ್ತು. ಪಿಂಚಣಿ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಿ ಎಂದು ಬಂದ ನೆರೆಕರೆಯವರ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಶಾಲೆಯ ಶತಮಾನೋತ್ಸವ ಸ್ಮರಣ ಸಂಚಿಕೆಗಾಗಿ ಕೂಡಿಸಿದ ಬರಹ, ಹಳೆಯ ಫೋಟೋ, ಹಿರಿಯರ ಮಾತಿನ ಧ್ವನಿಮುದ್ರಣಗಳು ಇದ್ದವು. ಆ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಲ್ಯಾಪ್‌ಟಾಪ್ ಕಳವಾದರೂ ಇವು ಪರರ ಕೈಗೆ ಸಿಗಬಾರದು ಎಂಬ ಅವರ ಕಾಳಜಿ ಪೂರ್ತಿ ಸರಿಯಾದದ್ದು. ಬೇರೆ ಡಿಸ್ಕಿನಲ್ಲಿ ಪ್ರತಿ ಇರಲಿಲ್ಲ.

ಒಳಗಿನ ಏರ್ಪಾಡು

ಮುಂದಿನದು ಅರ್ಥವಾಗಬೇಕಾದರೆ ಈ ಎನ್‌ಕ್ರಿಪ್ಶನ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು. ಉಬುಂಟು ಬಳಸುತ್ತಿದ್ದ ತಂತ್ರದ ಹೆಸರು ಇಕ್ರಿಪ್ಟ್‌ಎಫ್‌ಎಸ್. ಅದು ಇಡೀ ಡಿಸ್ಕನ್ನು ಮುಚ್ಚುವುದಿಲ್ಲ. ಒಬ್ಬ ಬಳಕೆದಾರನ ಹೋಮ್ ಫೋಲ್ಡರಿನ ಪ್ರತಿಯೊಂದು ಫೈಲನ್ನೂ, ಅದರ ಹೆಸರನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಲಾಗಿನ್ ಆದಾಗ ಅವು ಬಿಚ್ಚಿಕೊಂಡು ಎಂದಿನಂತೆ ಕಾಣುತ್ತವೆ, ಲಾಗೌಟ್ ಆದಾಗ ಮತ್ತೆ ಮುಚ್ಚಿಕೊಳ್ಳುತ್ತವೆ.

ಇಲ್ಲಿ ಬಹಳ ಜನ ಎಡವುವುದು ಒಂದು ವಿಷಯದಲ್ಲಿ. ಫೈಲುಗಳನ್ನು ಮುಚ್ಚಿರುವುದು ನಾವು ಟೈಪ್ ಮಾಡುವ ಲಾಗಿನ್ ಪಾಸ್‌ವರ್ಡ್ ಅಲ್ಲ. ಅನುಸ್ಥಾಪನೆಯ ಹೊತ್ತಿನಲ್ಲಿ ಕಂಪ್ಯೂಟರ್ ತಾನೇ 32 ಅಕ್ಷರ-ಅಂಕಿಗಳ ಒಂದು ಗೂಢಪದವನ್ನು ಹುಟ್ಟಿಸಿರುತ್ತದೆ. ಫೈಲುಗಳಿಗೆ ಹಾಕಿದ ಬೀಗದ ಕೀಲಿ ಅದು. ಆ ಕೀಲಿಯನ್ನು ಲಾಗಿನ್ ಪಾಸ್‌ವರ್ಡಿನಿಂದ ಸುತ್ತಿ ಒಂದು ಪುಟ್ಟ ಫೈಲಿನಲ್ಲಿ ಇಟ್ಟಿರುತ್ತಾರೆ. ದೊಡ್ಡ ಕಪಾಟಿನ ಕೀಲಿಯನ್ನು ಸಣ್ಣ ಪೆಟ್ಟಿಗೆಯೊಳಗಿಟ್ಟು ಆ ಪೆಟ್ಟಿಗೆಗೆ ಬೇರೊಂದು ಬೀಗ ಹಾಕಿದ ಹಾಗೆ. ಲಾಗಿನ್ ಪಾಸ್‌ವರ್ಡ್ ತೆರೆಯುವುದು ಪೆಟ್ಟಿಗೆಯನ್ನು ಮಾತ್ರ.

ಬಳಕೆದಾರನೇ ತನ್ನ ಪಾಸ್‌ವರ್ಡ್ ಬದಲಿಸಿಕೊಂಡರೆ ವ್ಯವಸ್ಥೆ ಮೊದಲು ಹಳೆಯದನ್ನು ಕೇಳುತ್ತದೆ, ನಂತರ ಹೊಸದನ್ನು. ಎರಡೂ ಕೈಯಲ್ಲಿರುವುದರಿಂದ, ಪಾಮ್ ಎಂಬ ದೃಢೀಕರಣ ವ್ಯವಸ್ಥೆಯೊಳಗೆ ಕೂತಿರುವ ಇಕ್ರಿಪ್ಟ್‌ಎಫ್‌ಎಸ್ ಭಾಗವು ಹಳೆಯದರಿಂದ ಕೀಲಿಯನ್ನು ಬಿಚ್ಚಿ ಹೊಸದರಿಂದ ಮತ್ತೆ ಸುತ್ತಿಡುತ್ತದೆ. ಬಳಕೆದಾರನಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ನಿರ್ವಾಹಕನ ಅಧಿಕಾರದಿಂದ, ಅಂದರೆ ‘ಸುಡೋ’ ಎಂಬ ಆಜ್ಞೆ ಬಳಸಿಯೋ, ದುರಸ್ತಿಗೆಂದಿರುವ ರಿಕವರಿ ಮೋಡಿನಿಂದಲೋ, ಪಾಸ್‌ವರ್ಡ್ ಬದಲಿಸಿದರೆ ಹಳೆಯದನ್ನು ಯಾರೂ ಕೇಳುವುದಿಲ್ಲ. ಲಾಗಿನ್ ಪಾಸ್‌ವರ್ಡ್ ಹೊಸದಾಗುತ್ತದೆ, ಕೀಲಿ ಮಾತ್ರ ಹಳೆಯ ಪಾಸ್‌ವರ್ಡಿನಲ್ಲೇ ಸುತ್ತಿಕೊಂಡು ಉಳಿಯುತ್ತದೆ. ಇದು ದೋಷವಲ್ಲ. ಅಧಿಕಾರವಿದ್ದವರೆಲ್ಲ ಪಾಸ್‌ವರ್ಡ್ ಬದಲಿಸಿ ಫೈಲು ಓದುವಂತಿದ್ದರೆ ಎನ್‌ಕ್ರಿಪ್ಟ್ ಮಾಡಿ ಪ್ರಯೋಜನವಾದರೂ ಏನು?

ಏನಾಯಿತು

ಮಹಾನವಮಿ ರಜೆಗೆ ಅಳಿಯ ಮಂಗಳೂರಿನಿಂದ ಬಂದಿದ್ದ. ಮಾಷ್ಟ್ರ ಪಾಸ್‌ವರ್ಡ್ ಉದ್ದದ್ದು. ಕಣ್ಣು ಮಂಜಾದ ಮೇಲೆ ಟೈಪ್ ಮಾಡುವುದು ಕಷ್ಟವಾಗಿತ್ತು. “ಮಾವ, ಸಣ್ಣದೊಂದು ಇಟ್ಟುಕೊಡುತ್ತೇನೆ” ಎಂದು ಅಳಿಯ ಕೂತ. ಮೊದಲು ಸರಿಯಾದ ದಾರಿಯಲ್ಲೇ, ಮಾಷ್ಟ್ರ ಖಾತೆಯಲ್ಲಿಯೇ ಬದಲಿಸಲು ಹೋದ. ಪಾಸ್‌ವರ್ಡ್ ತೀರಾ ಚಿಕ್ಕದಾಯಿತು ಎಂದು ವ್ಯವಸ್ಥೆ ನಿರಾಕರಿಸಿತು. ಸುಡೋ ಹಾಕಿದರೆ ಈ ತಕರಾರು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಿರ್ವಾಹಕನಿಗೆ ಎಷ್ಟು ಚಿಕ್ಕ ಪಾಸ್‌ವರ್ಡಾದರೂ ಇಡಲು ಅವಕಾಶವಿದೆ. ಸುಡೋ ಹಾಕಿದ, ಪಾಸ್‌ವರ್ಡ್ ಬದಲಾಯಿತು. ಪ್ರೀತಿಯಿಂದ ಮಾಡಿದ ಕೆಲಸ. ಇಡೀ ಪ್ರಕರಣದ ಬೇರು ಇರುವುದು ಆ ಒಂದು ಸಾಲಿನಲ್ಲಿ.

ಆಗಲೇ ತೊಂದರೆ ಕಾಣಿಸಿಕೊಂಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಮಾಷ್ಟ್ರು ಲ್ಯಾಪ್‌ಟಾಪನ್ನು ಆಫ್ ಮಾಡುವವರಲ್ಲ, ಮುಚ್ಚಳ ಮುಚ್ಚಿ ಏಳುವವರು. ಮುಚ್ಚಿದಾಗ ಅದು ನಿದ್ರೆಗೆ ಹೋಗುತ್ತದೆ. ಹೋಮ್ ಫೋಲ್ಡರ್ ಬಿಚ್ಚಿಕೊಂಡೇ ಇರುತ್ತದೆ. ಮತ್ತೆ ತೆರೆದಾಗ ಕೇಳುವ ಪಾಸ್‌ವರ್ಡ್ ಪರದೆಯ ಬೀಗಕ್ಕೆ ಮಾತ್ರ ಸಂಬಂಧಪಟ್ಟದ್ದು. ಅಲ್ಲಿ ಹೊಸದು ಸಲೀಸಾಗಿ ನಡೆಯಿತು. ಎಲ್ಲ ಸರಿಯಾಗಿದೆ ಎಂದೇ ಮನೆಯವರು ನಂಬಿದರು.

ಕೆಲವು ದಿನಗಳ ನಂತರ ಇನ್ನೊಂದು ಬದಲಾವಣೆ. ಸೈಬರ್ ವಂಚನೆಯ ಬಗ್ಗೆ ಎಲ್ಲಿಯೋ ಮಾಹಿತಿ ಕೇಳಿದ ಮಾಷ್ಟ್ರಿಗೆ ಅಳಿಯ ಇಟ್ಟ ಪಾಸ್‌ವರ್ಡ್ ತೀರಾ ಸುಲಭದ್ದೆನಿಸಿತು. ತಾವೇ ಸೆಟ್ಟಿಂಗ್ಸ್ ತೆರೆದು, ಅಳಿಯ ಇಟ್ಟದ್ದನ್ನು ಕೊಟ್ಟು, ಹೊಸದೊಂದನ್ನು ಇಟ್ಟರು. ಅವರು ಮಾಡಿದ್ದು ಅಕ್ಷರಶಃ ಸರಿಯಾದ ಕ್ರಮ. ಆದರೆ ಕೀಲಿ ಸುತ್ತಿಕೊಂಡಿದ್ದದ್ದು ಮೊದಲನೆಯ ಪಾಸ್‌ವರ್ಡಿನಲ್ಲಿ. ನಡುವಿನದರಿಂದ ಅದನ್ನು ಬಿಚ್ಚಲಾಗದೆ ಇಕ್ರಿಪ್ಟ್‌ಎಫ್‌ಎಸ್ ಕೈಬಿಟ್ಟಿತು. ಪಾಮ್‌ನ ಸಂರಚನೆಯಲ್ಲಿ ಈ ಭಾಗ ಐಚ್ಛಿಕ ಎಂದಿರುವುದರಿಂದ, ಅದು ಸೋತರೂ ಪಾಸ್‌ವರ್ಡ್ ಬದಲಾವಣೆ ನಿಲ್ಲುವುದಿಲ್ಲ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರಲಿಲ್ಲ.

ಆಮೇಲೆ ಬಂದದ್ದು ತುಲಾ ತಿಂಗಳ ಗುಡುಗು-ಮಳೆ. ನಮ್ಮ ಕಡೆ ಆ ದಿನಗಳಲ್ಲಿ ಸಂಜೆ ಮೋಡ ಕಟ್ಟಿದ ಕೂಡಲೇ ಟಿವಿ, ಫ್ರಿಜ್, ಚಾರ್ಜರು ಎಲ್ಲದರ ಪ್ಲಗ್ ಕಿತ್ತಿಡುತ್ತೇವೆ. ಮಾಷ್ಟ್ರೂ ಕಿತ್ತಿಟ್ಟರು. ಸಿಡಿಲು ಹತ್ತಿರದಲ್ಲೇ ಬಡಿಯಿತು, ಕರೆಂಟು ಹೋಯಿತು, ಮಾರನೆಯ ದಿನವೂ ಬರಲಿಲ್ಲ. ನಿದ್ರೆಯಲ್ಲಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದು ಅದು ಪೂರ್ತಿ ಆರಿತು. ಕರೆಂಟು ಬಂದ ಮೇಲೆ ಆನ್ ಮಾಡಿದರೆ: ಪಾಸ್‌ವರ್ಡ್ ಹಾಕುತ್ತಾರೆ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್ ಪುಟ. ತಪ್ಪು ಪಾಸ್‌ವರ್ಡ್ ಹಾಕಿದರೆ ‘ತಪ್ಪು’ ಎಂದು ಹೇಳುತ್ತದೆ. ಸರಿಯಾದದ್ದು ಹಾಕಿದರೆ ಏನೂ ಹೇಳದೆ ಹಿಂದಕ್ಕೆ ಕಳುಹಿಸುತ್ತದೆ.

ಸಿಡಿಲು ಬಡಿದ ಮರುದಿನ ಕೆಟ್ಟದ್ದೆಲ್ಲ ಸಿಡಿಲಿನಿಂದಲೇ ಕೆಟ್ಟದ್ದು ಎಂದುಕೊಳ್ಳುವುದು ಸಹಜ. ಪಾಸ್‌ವರ್ಡ್ ಬದಲಿಸಿ ದಿನಗಳೇ ಕಳೆದಿದ್ದವು, ಯಾರಿಗೂ ಅದು ನೆನಪಿಗೆ ಬರಲಿಲ್ಲ. ಪೇಟೆಯ ಅಂಗಡಿಗೆ ಒಯ್ದಾಗ, ಡಿಸ್ಕಿಗೆ ಪೆಟ್ಟಾಗಿರಬೇಕು, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇವೆ, ಫೈಲುಗಳ ಭರವಸೆ ಇಲ್ಲ ಎಂದರು. ಸ್ಮರಣ ಸಂಚಿಕೆ ಮುದ್ರಣಕ್ಕೆ ಹೋಗುವ ದಿನ ಹತ್ತಿರ ಬಂದಿತ್ತು. ಆದರೂ ಮಾಷ್ಟ್ರು ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಬಿಡದೆ ವಾಪಸು ತಂದರು. ಫೈಲುಗಳು ಉಳಿದದ್ದು ಮುಖ್ಯವಾಗಿ ಆ ನಿರ್ಧಾರದಿಂದ. ನಂತರ ನಾವು ಮಾಡಿದ ಯಾವ ಕೆಲಸವೂ ಫಾರ್ಮ್ಯಾಟ್ ಆದ ಡಿಸ್ಕಿನ ಮೇಲೆ ನಡೆಯುತ್ತಿರಲಿಲ್ಲ.

ಮೊದಲ ಸುಳಿವು

ನನ್ನನ್ನು ಕರೆದಾಗ ಅಳಿಯನೂ ಬಂದಿದ್ದ. ಡಿಸ್ಕಿನ ಆರೋಗ್ಯ ನೋಡಿದೆವು. ಕೆಟ್ಟ ಸೂಚನೆ ಇರಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಬರೀ ಅಕ್ಷರಗಳ ಪರದೆಗೆ ಹೋಗಿ ಅಲ್ಲಿ ಲಾಗಿನ್ ಆದೆವು. ಮಾಷ್ಟ್ರ ಈಗಿನ ಪಾಸ್‌ವರ್ಡ್ ಒಪ್ಪಿತು. ಫೋಲ್ಡರಿನಲ್ಲಿ ಏನಿದೆ ಎಂದು ನೋಡಿದರೆ ಇದ್ದದ್ದು ಎರಡೇ ಫೈಲು. ಒಂದರ ಹೆಸರು ‘ಆಕ್ಸೆಸ್-ಯುವರ್-ಪ್ರೈವೇಟ್-ಡೇಟಾ’, ಇನ್ನೊಂದು ‘ರೀಡ್‌ಮೀ’. ಮಾಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಇಷ್ಟು ವರ್ಷಗಳ ಕೆಲಸದ ಜಾಗದಲ್ಲಿ ಎರಡು ಅಪರಿಚಿತ ಹೆಸರುಗಳನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು.

ನನಗೆ ಸಮಾಧಾನವಾದದ್ದು ಆಗಲೇ. ಇಕ್ರಿಪ್ಟ್‌ಎಫ್‌ಎಸ್ ಫೋಲ್ಡರ್ ಮುಚ್ಚಿರುವಾಗ ಅದರ ಜಾಗದಲ್ಲಿ ಕಾಣುವುದು ಈ ಎರಡು ಫೈಲುಗಳೇ. ನಿಮ್ಮ ದತ್ತಾಂಶದ ರಕ್ಷಣೆಗಾಗಿ ಈ ಡೈರೆಕ್ಟರಿಯನ್ನು ಅನ್‌ಮೌಂಟ್ ಮಾಡಲಾಗಿದೆ ಎಂದು ರೀಡ್‌ಮೀ ಫೈಲೇ ಹೇಳುತ್ತದೆ. ಫೈಲುಗಳು ಅಳಿದಿರಲಿಲ್ಲ, ಮುಚ್ಚಿಕೊಂಡಿದ್ದವು. ಮುಚ್ಚಿದ ಹೋಮ್ ಫೋಲ್ಡರಿನಲ್ಲಿ ಯಾರೂ ಬರೆಯದಂತೆ ಅನುಮತಿ ತೆಗೆದಿರುತ್ತಾರೆ. ಡೆಸ್ಕ್‌ಟಾಪ್ ಶುರುವಾಗಬೇಕಾದರೆ ಅಲ್ಲಿ ಏನಾದರೂ ಬರೆಯಲೇಬೇಕು. ಅದಾಗದೆ ಅದು ಲಾಗಿನ್ ಪುಟಕ್ಕೆ ಮರಳುತ್ತಿತ್ತು. ಸಿಡಿಲಿಗೂ ಇದಕ್ಕೂ ಸಂಬಂಧ ಇಷ್ಟೇ: ಸಿಡಿಲು ಕರೆಂಟನ್ನು ಕೆಡಿಸಿ, ಪಾಸ್‌ವರ್ಡ್ ಬದಲಾದ ಮೇಲೆ ಲ್ಯಾಪ್‌ಟಾಪ್ ಮೊದಲ ಬಾರಿಗೆ ಪೂರ್ತಿ ಆರುವಂತೆ ಮಾಡಿತು.

ಮುಂದೆ ಹೋಗುವ ಮೊದಲು ಪ್ರತಿ ಮಾಡಿಕೊಂಡೆವು. ಪೆನ್‌ಡ್ರೈವಿನಿಂದ ಲೈವ್ ಉಬುಂಟು (ಡಿಸ್ಕಿಗೆ ಹಾಕದೆ ನೇರವಾಗಿ ಓಡಿಸುವ ಉಬುಂಟು) ಚಲಾಯಿಸಿ, ಹೋಮ್‌ನ ಅಡಿಯಲ್ಲಿರುವ ಚುಕ್ಕೆಯಿಂದ ಶುರುವಾಗುವ ಇಕ್ರಿಪ್ಟ್‌ಎಫ್‌ಎಸ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಎನ್‌ಕ್ರಿಪ್ಟ್ ಆದ ಫೈಲುಗಳನ್ನು ನಕಲು ಮಾಡಲು ಪಾಸ್‌ವರ್ಡ್ ಬೇಡ. ಮರೆಯಬಾರದ ಸಂಗತಿ ಒಂದಿದೆ: ಒಳಗಿನ ‘ಪ್ರೈವೇಟ್’ ಫೋಲ್ಡರ್ ಎಷ್ಟೇ ಗಿಗಾಬೈಟ್ ಇರಲಿ, ಅದರ ಪಕ್ಕದಲ್ಲಿರುವ, ಕೀಲಿಯನ್ನು ಸುತ್ತಿಟ್ಟ ‘ರ್ಯಾಪ್ಡ್-ಪಾಸ್‌ಫ್ರೇಸ್’ ಎಂಬ, ನೂರು ಬೈಟೂ ಇಲ್ಲದ ಫೈಲು ಬಿಟ್ಟುಹೋದರೆ ಮತ್ತು 32 ಅಕ್ಷರಗಳ ಗೂಢಪದವೂ ಬರೆದಿಟ್ಟಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹೊರಗಿನ ಡಿಸ್ಕನ್ನು ಲಿನಕ್ಸ್‌ನದೇ ಇಎಕ್ಸ್‌ಟಿ4 ವಿನ್ಯಾಸದಲ್ಲಿ ಸಿದ್ಧಗೊಳಿಸಿದೆವು. ಫೈಲುಗಳ ಒಡೆತನ ಮತ್ತು ಅನುಮತಿ ಹಾಗೆಯೇ ಉಳಿಯಲು ಅದು ಬೇಕು.

ನಕಲು ಆಗುತ್ತಿದ್ದಾಗ ಮಾಷ್ಟ್ರು ಬಹಳ ದಿನಗಳ ಒಂದು ದೂರನ್ನು ಹೇಳಿಕೊಂಡರು. ಲೇಖನಗಳ ಪೂರ್ತಿ ಶೀರ್ಷಿಕೆಯನ್ನೇ ಕನ್ನಡದಲ್ಲಿ ಫೈಲಿನ ಹೆಸರಾಗಿ ಕೊಟ್ಟರೆ ಕೆಲವೊಮ್ಮೆ ಉಳಿಸಲು ಆಗುವುದಿಲ್ಲವಂತೆ. ಈ ಕಂಪ್ಯೂಟರಿಗೆ ಕನ್ನಡ ಹಿಡಿಸುವುದಿಲ್ಲ ಎಂದುಕೊಂಡಿದ್ದರು. ಅದೂ ಎನ್‌ಕ್ರಿಪ್ಶನ್‌ನ ಪರಿಣಾಮವೇ. ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ತನಕ ಇರಬಹುದು. ಇಕ್ರಿಪ್ಟ್‌ಎಫ್‌ಎಸ್ ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವಾಗ ಅದು ಉದ್ದವಾಗುವುದರಿಂದ ನಮಗೆ ಸಿಗುವುದು 143 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಯುನಿಕೋಡ್ ಕನ್ನಡದಲ್ಲಿ ಪ್ರತಿಯೊಂದು ಚಿಹ್ನೆಗೂ ಮೂರು. ‘ಕ್ಷೇ’ ಎಂದು ಬರೆದರೆ ಅದರಲ್ಲಿ ಕ, ವಿರಾಮ, ಷ, ಏತ್ವ ಎಂದು ನಾಲ್ಕು ಚಿಹ್ನೆ, ಹನ್ನೆರಡು ಬೈಟ್. ಹೀಗೆ 47 ಚಿಹ್ನೆಗಳಿಗೆ ಕನ್ನಡದ ಹೆಸರು ಮುಗಿಯುತ್ತದೆ. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ತಿಳಿದಿರಬೇಕು.

ಯಾವ ಪಾಸ್‌ವರ್ಡ್?

ಫೋಲ್ಡರನ್ನು ಕೈಯಾರೆ ತೆರೆಯುವ ಆಜ್ಞೆ ಕೊಟ್ಟೆವು. ಅದು ಲಾಗಿನ್ ಪಾಸ್‌ವರ್ಡ್ ಕೇಳಿತು. ಈಗಿನದನ್ನು ಕೊಟ್ಟೆವು: ಬಿಚ್ಚಲು ಆಗಲಿಲ್ಲ ಎಂಬ ದೋಷಸಂದೇಶ, ಕೊನೆಯಲ್ಲಿ ಮೈನಸ್ ಐದು. ನಿರೀಕ್ಷಿಸಿದ್ದೇ. “ಮಾಷ್ಟ್ರೇ, ಇದಕ್ಕಿಂತ ಹಿಂದಿನ ಪಾಸ್‌ವರ್ಡ್ ಯಾವುದು?” ಎಂದು ಕೇಳಿದೆ. ಅವರು ಅಳಿಯ ಇಟ್ಟದ್ದನ್ನು ಹೇಳಿದರು. ಅದಕ್ಕೂ ಮೈನಸ್ ಐದು.

ಇಲ್ಲಿ ವಾತಾವರಣ ಬಿಗಿಯಾಯಿತು. ಅಳಿಯ ಮೊಬೈಲಿನಲ್ಲಿ ಹುಡುಕುತ್ತ, ಎನ್‌ಕ್ರಿಪ್ಶನ್ ಏರ್ಪಾಡನ್ನು ಬಲವಂತವಾಗಿ ಮತ್ತೆ ಮೊದಲಿನಿಂದ ಹೂಡುವ ಆಜ್ಞೆಯೊಂದನ್ನು ಕಂಡುಕೊಂಡ. ಅದನ್ನು ಕೊಟ್ಟರೆ ದೋಷ ಹೋಗುತ್ತದೆ, ಕೊಡೋಣವೇ ಎಂದ. ದೋಷ ಹೋಗುವುದು ನಿಜ. ಅದು ಹೊಸ ಕೀಲಿಯನ್ನು ಹುಟ್ಟಿಸಿ, ಹಳೆಯ ಕೀಲಿಯ ಫೈಲಿನ ಮೇಲೆ ಅದನ್ನು ಬರೆಯುತ್ತದೆ. ಹಳೆಯ ಕೀಲಿಯಿಂದ ಮುಚ್ಚಿದ ಫೈಲುಗಳನ್ನು ಆಮೇಲೆ ತೆರೆಯುವ ದಾರಿಯೇ ಇರುವುದಿಲ್ಲ. ಬೇಡ ಎಂದೆ. ನಮ್ಮ ಬಳಿ ನಕಲು ಇತ್ತು, ಆದರೂ ಆ ದಾರಿ ಬೇಡ. ಗೊತ್ತಿಲ್ಲದ ಆಜ್ಞೆಗಳನ್ನು ಒಂದರ ಮೇಲೊಂದು ಕೊಡುತ್ತ ಹೋದರೆ, ಯಾವುದರಿಂದ ಏನು ಬದಲಾಯಿತು ಎಂಬುದೇ ಕೊನೆಗೆ ತಿಳಿಯದಾಗುತ್ತದೆ.

ಬದಲಿಗೆ ಲಾಗ್ ನೋಡಿದೆವು. ಯಾರು ಯಾವಾಗ ಲಾಗಿನ್ ಆದರು, ಪಾಸ್‌ವರ್ಡ್ ಬದಲಿಸಿದರು ಎಂಬುದನ್ನು ಉಬುಂಟು ‘ಆಥ್.ಲಾಗ್’ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಅದು ಹೋಮ್ ಫೋಲ್ಡರಿನ ಹೊರಗಿರುವುದರಿಂದ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ವಾರಕ್ಕೊಮ್ಮೆ ಹೊಸ ಫೈಲು, ಹಳೆಯ ನಾಲ್ಕು ವಾರದವನ್ನು ಇಟ್ಟುಕೊಳ್ಳುವುದು ಅದರ ರೂಢಿ. ಇನ್ನು ಸ್ವಲ್ಪ ತಡವಾಗಿದ್ದರೆ ಬೇಕಾದ ಸಾಲು ಅಳಿದುಹೋಗುತ್ತಿತ್ತು. ಪಾಸ್‌ವರ್ಡ್ ಬದಲಾದ ಎರಡು ಸಾಲುಗಳು ಸಿಕ್ಕವು. ಮಹಾನವಮಿಯ ಹೊತ್ತಿನ ಸಾಲಿನ ಮೇಲೆಯೇ ಸುಡೋ ಎಂಬ ಇನ್ನೊಂದು ಸಾಲು ಇತ್ತು: ಪಾಸ್‌ವರ್ಡ್ ಬದಲಿಸುವ ಆಜ್ಞೆಯನ್ನು ನಿರ್ವಾಹಕನ ಅಧಿಕಾರದಲ್ಲಿ ಕೊಟ್ಟದ್ದರ ದಾಖಲೆ. ಎರಡನೆಯ ಬದಲಾವಣೆಯ ಮೇಲೆ ಸುಡೋ ಇರಲಿಲ್ಲ. ಅಳಿಯ ಆ ಸಾಲನ್ನು ದಿಟ್ಟಿಸಿ ನೋಡಿ, “ಇದು ನಾನು ಮಾಡಿದ್ದು ಮಾವ” ಎಂದ. ಅಲ್ಲಿಯತನಕ ಆ ಬದಲಾವಣೆಗೂ ಈ ತೊಂದರೆಗೂ ನಂಟಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಅದೇ ಲಾಗ್‌ಗಳಲ್ಲಿ, ಆ ದಿನದಿಂದ ಸಿಡಿಲು ಬಡಿದ ದಿನದವರೆಗೆ ಹೊಸ ಲಾಗಿನ್ ಒಂದೂ ಇರಲಿಲ್ಲ, ಪರದೆಯ ಬೀಗ ತೆರೆದದ್ದು ಮಾತ್ರ ಇತ್ತು.

ಆಗ ಕೇಳಬೇಕಾದ ಪ್ರಶ್ನೆ ಯಾವುದೆಂದು ಸ್ಪಷ್ಟವಾಯಿತು. ‘ಹಿಂದಿನ ಪಾಸ್‌ವರ್ಡ್ ಯಾವುದು’ ಎಂದಲ್ಲ. “ಮಾಷ್ಟ್ರೇ, ಈ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿ ಆನ್ ಆದಾಗ ಕೊನೆಯ ಬಾರಿ ಸರಿಯಾಗಿ ತೆರೆದುಕೊಂಡದ್ದು ಯಾವ ಪಾಸ್‌ವರ್ಡಿಗೆ?” ಎಂದು ಕೇಳಿದೆ.

“ಅದು ಆ ಉದ್ದದ್ದು. ಆದರೆ ಅದನ್ನು ಎಂದೋ ತೆಗೆದು ಹಾಕಿ ಆಯಿತಲ್ಲ, ಇನ್ನು ಅದರಿಂದೇನು ಪ್ರಯೋಜನ?” ಎಂದರು.

ನೆನಪಿದೆಯೇ ಎಂದು ಕೇಳಿದಾಗ ಅವರು ಬಾಯಿಬಿಟ್ಟು ಹೇಳಲಿಲ್ಲ, ನೇರವಾಗಿ ಕುರ್ಚಿಗೆ ಬಂದು ಕೂತರು. ಆ ಪರದೆಯಲ್ಲಿ ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯೂ ಕಾಣುವುದಿಲ್ಲ. ನಿಧಾನವಾಗಿ ಒಂದೊಂದೇ ಕೀಲಿ ಒತ್ತಿ ಎಂಟರ್ ಕೊಟ್ಟರು. ದೋಷಸಂದೇಶ ಬರಲಿಲ್ಲ. ಫೋಲ್ಡರನ್ನು ಮತ್ತೆ ನೋಡಿದರೆ ಪರದೆ ತುಂಬ ಕನ್ನಡದ ಹೆಸರುಗಳು. ಅಕ್ಷರಗಳ ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡದೆ ಚೌಕಗಳಾಗಿ ಕಂಡವು, ಆದರೂ ಸಂಚಿಕೆಯ ಫೋಲ್ಡರ್ ಯಾವುದೆಂದು ಮಾಷ್ಟ್ರಿಗೆ ಕೂಡಲೇ ಗುರುತು ಸಿಕ್ಕಿತು.

ಸರಿಪಡಿಸಿದ ಬಗೆ

ಮೊದಲು ಸಂಚಿಕೆಯ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಹಾಕಿಕೊಂಡೆವು. ಅನಂತರ, ಕೀಲಿಯನ್ನು ಬಿಚ್ಚಿ ತೋರಿಸುವ ‘ಅನ್‌ರ್ಯಾಪ್’ ಆಜ್ಞೆಗೆ ಮೊದಲನೆಯ ಪಾಸ್‌ವರ್ಡ್ ಕೊಟ್ಟು, ಆ 32 ಅಕ್ಷರಗಳನ್ನು ಪರದೆಯ ಮೇಲೆ ತಂದೆವು. ಮಾಷ್ಟ್ರು ಕಾಗದದಲ್ಲಿ ಬರೆದುಕೊಂಡರು, ಅಳಿಯ ಓದಿ ಹೇಳಿದ. ಅದರಲ್ಲಿ ಇರುವುದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮತ್ತು ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಸಣ್ಣಕ್ಷರ ಮಾತ್ರ. ಕೈಬರಹದಲ್ಲಿ ಸಣ್ಣ ‘ಬಿ’ ಮತ್ತು 6 ಒಂದೇ ತೆರನಾಗಿ ಕಾಣುವುದರಿಂದ ಆರು ಬಂದಲ್ಲೆಲ್ಲ ಕೆಳಗೆ ಗೆರೆ ಹಾಕಿಸಿದೆ. ಫೋಟೋ ತೆಗೆಯಲು ಬಿಡಲಿಲ್ಲ, ಏಕೆಂದರೆ ಮೊಬೈಲಿನ ಫೋಟೋ ತನ್ನಷ್ಟಕ್ಕೆ ಕ್ಲೌಡಿಗೆ ಹೋಗಬಹುದು. ಕಾಗದ ಲಕೋಟೆಯೊಳಗೆ, ಲಕೋಟೆ ಜಾಗದ ದಾಖಲೆಗಳ ಜೊತೆ. ವಾಸ್ತವದಲ್ಲಿ ಇದನ್ನು ಬರೆದಿಟ್ಟುಕೊಳ್ಳಿ ಎಂದು ಉಬುಂಟು ಮೊದಲ ಲಾಗಿನ್‌ನಲ್ಲೇ ಒಂದು ಕಿಟಕಿ ತೆರೆದು ಹೇಳುತ್ತಿತ್ತು. ಅರ್ಥವಾಗದ ಕಿಟಕಿಯನ್ನು ಮುಚ್ಚುವುದು ಎಲ್ಲರ ಅಭ್ಯಾಸ.

ಈಗ ಎರಡು ದಾರಿಗಳಿದ್ದವು. ಲಾಗಿನ್ ಪಾಸ್‌ವರ್ಡನ್ನೇ ಸುಡೋ ಮೂಲಕ ಮೊದಲಿನದಕ್ಕೆ ಮರಳಿಸಿದರೆ ಕೀಲಿಯೂ ಲಾಗಿನ್ನೂ ಮತ್ತೆ ಒಂದಾಗುತ್ತವೆ. ಇಲ್ಲವೇ ಲಾಗಿನ್ ಪಾಸ್‌ವರ್ಡನ್ನು ಇದ್ದ ಹಾಗೇ ಬಿಟ್ಟು, ‘ರೀರ್ಯಾಪ್’ ಆಜ್ಞೆಯಿಂದ ಕೀಲಿಯನ್ನು ಹೊಸದರಲ್ಲಿ ಸುತ್ತಬಹುದು. ಎರಡನೆಯದನ್ನು ಆರಿಸಿದೆವು. ಉದ್ದದ ಪಾಸ್‌ವರ್ಡಿನಿಂದ ಮಾಷ್ಟ್ರಿಗೆ ಕಷ್ಟವಾಗುತ್ತಿತ್ತು ಎಂಬುದು ನಿಜವಾದ ಸಮಸ್ಯೆ, ಮತ್ತೆ ಅದನ್ನೇ ಹೇರುವುದು ಸರಿಯಲ್ಲ. ರ್ಯಾಪ್ಡ್-ಪಾಸ್‌ಫ್ರೇಸ್ ಫೈಲಿನ ಇನ್ನೊಂದು ಪ್ರತಿ ಪಕ್ಕದಲ್ಲಿಟ್ಟು, ಹಳೆಯದು, ಹೊಸದು, ಮತ್ತೊಮ್ಮೆ ಹೊಸದು ಎಂದು ಮೂರು ಬಾರಿ ಕೊಟ್ಟೆವು. ಹೊಸದರಿಂದ ಬಿಚ್ಚಿ ನೋಡಿದಾಗ ಕಾಗದದಲ್ಲಿದ್ದ ಅದೇ 32 ಅಕ್ಷರಗಳು ಬಂದವು. ಪೂರ್ತಿ ಆಫ್ ಮಾಡಿ, ಆನ್ ಮಾಡಿದೆವು. ಡೆಸ್ಕ್‌ಟಾಪ್ ಬಂತು.

ಜೊತೆಗೆ ಇನ್ನೊಂದು ಕಿಟಕಿಯೂ ಬಂತು: ಲಾಗಿನ್ ಕೀರಿಂಗ್ ತೆರೆಯಲಿಲ್ಲ, ಪಾಸ್‌ವರ್ಡ್ ಕೊಡಿ ಎಂದು. ವೈಫೈ ಮತ್ತು ಬ್ರೌಸರಿನ ಪಾಸ್‌ವರ್ಡ್‌ಗಳನ್ನು ಇಡುವ ಈ ಕೀರಿಂಗ್ ಕೂಡ ಲಾಗಿನ್ ಪಾಸ್‌ವರ್ಡಿನಿಂದಲೇ ಮುಚ್ಚಿರುತ್ತದೆ, ಸುಡೋ ಬದಲಾವಣೆಯಲ್ಲಿ ಅದೂ ಹಿಂದೆ ಉಳಿದಿತ್ತು. ಮೊದಲನೆಯ ಪಾಸ್‌ವರ್ಡ್ ಕೊಟ್ಟು ತೆರೆದು, ‘ಪಾಸ್‌ವರ್ಡ್ಸ್ ಆ್ಯಂಡ್ ಕೀಸ್’ ಎಂಬ ತಂತ್ರಾಂಶದಲ್ಲಿ ಅದನ್ನೂ ಬದಲಿಸಿದೆವು.

ಈ ಪ್ರಕರಣದಿಂದ ತಿಳಿಯುವುದು

ಮಾಷ್ಟ್ರಿಗೆ ಮೊದಲನೆಯ ಪಾಸ್‌ವರ್ಡ್ ಮರೆತಿದ್ದರೆ ಏನಾಗುತ್ತಿತ್ತು ಎಂದು ಅಳಿಯ ಕೇಳಿದ. ಗೂಢಪದ ಬರೆದಿಟ್ಟಿಲ್ಲ, ಹಳೆಯ ಪಾಸ್‌ವರ್ಡ್ ನೆನಪಿಲ್ಲ ಎಂದಾದರೆ ಫೈಲುಗಳು ಸಿಗುತ್ತಿರಲಿಲ್ಲ. ಯಾವ ಪರಿಣತನೂ ತರಲಾರ. ಇದನ್ನು ಮೃದುಗೊಳಿಸಿ ಹೇಳಬಾರದು.

ಹಾಗಾಗಿ ಎನ್‌ಕ್ರಿಪ್ಟ್ ಆದ ಹೋಮ್ ಫೋಲ್ಡರ್ ಇರುವಲ್ಲಿ ಪಾಸ್‌ವರ್ಡ್ ಬದಲಾವಣೆ ಒಡೆಯನ ಸ್ವಂತ ಖಾತೆಯಿಂದಲೇ, ಹಳೆಯದನ್ನು ಕೊಟ್ಟೇ ಆಗಬೇಕು. ಬದಲಿಸುವ ಮುನ್ನ ಗೂಢಪದ ಕಾಗದದಲ್ಲಿ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಅನ್‌ರ್ಯಾಪ್ ಮಾಡಿ ಬರೆದುಕೊಳ್ಳಬೇಕು. ಬದಲಿಸಿದ ಮೇಲೆ, ಹಳೆಯದು ಇನ್ನೂ ಬೆರಳಿನಲ್ಲಿರುವಾಗಲೇ, ಅದೇ ದಿನ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡಬೇಕು. ಪರದೆಯ ಬೀಗ ತೆರೆಯಿತು ಎಂಬುದು ಪರೀಕ್ಷೆಯಲ್ಲ. ಈ ಮನೆಯಲ್ಲಿ ಸಮಸ್ಯೆ ದಿನಗಟ್ಟಲೆ ಅಡಗಿದ್ದದ್ದು ಅದರಿಂದಲೇ. ಪಾಸ್‌ವರ್ಡ್ ಚಿಕ್ಕದೆಂದು ವ್ಯವಸ್ಥೆ ನಿರಾಕರಿಸಿದರೆ ಸುಡೋ ಹಾಕಿ ದಾಟಬೇಡಿ. ನೆನಪಿಡಲು ಸುಲಭವಾದ ಮೂರು-ನಾಲ್ಕು ಪದಗಳ ಪಾಸ್‌ವರ್ಡ್ ಟೈಪ್ ಮಾಡಲು ಅಷ್ಟೇನೂ ಕಷ್ಟವಲ್ಲ, ಚಿಹ್ನೆಗಳ ಕಾಟವೂ ಇಲ್ಲ. ಮಾಷ್ಟ್ರು ಈಗ ಅಂಥದ್ದನ್ನೇ ಬಳಸುತ್ತಿದ್ದಾರೆ.

ಇದು ಇಕ್ರಿಪ್ಟ್‌ಎಫ್‌ಎಸ್‌ಗೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಲಿನಕ್ಸ್‌ನ ಎಫ್‌ಎಸ್‌ಕ್ರಿಪ್ಟ್ ಎಂಬ ಇನ್ನೊಂದು ಎನ್‌ಕ್ರಿಪ್ಶನ್ ತಂತ್ರದಲ್ಲಿ ಕೀಲಿಯನ್ನು ಲಾಗಿನ್ ಪಾಸ್‌ವರ್ಡಿಗೆ ಕಟ್ಟಿದ್ದರೆ ಇದೇ ಆಗುತ್ತದೆ. ವಿಂಡೋಸ್‌ನಲ್ಲಿಯೂ ಅದರದೇ ಇಎಫ್‌ಎಸ್ ತಂತ್ರದಿಂದ ಫೈಲು ಎನ್‌ಕ್ರಿಪ್ಟ್ ಮಾಡಿದ ಸ್ಥಳೀಯ ಖಾತೆಯ ಪಾಸ್‌ವರ್ಡನ್ನು ನಿರ್ವಾಹಕ ರೀಸೆಟ್ ಮಾಡಿದರೆ ಆ ಫೈಲುಗಳು ಕೈತಪ್ಪುತ್ತವೆ. ಬಳಕೆದಾರನೇ ಬದಲಿಸಿಕೊಂಡರೆ ತೊಂದರೆಯಿಲ್ಲ.

ಹೊಸದಾಗಿ ಹಾಕಿಸಿಕೊಳ್ಳುವವರಿಗೆ ನನ್ನ ಸಲಹೆ ಲಿನಕ್ಸ್‌ನ ಲಕ್ಸ್ ಎಂಬ ತಂತ್ರದ ಮೂಲಕ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದು. ಅಲ್ಲಿ ಡಿಸ್ಕಿನ ಪಾಸ್‌ವರ್ಡ್ ಬೇರೆ, ಲಾಗಿನ್ ಪಾಸ್‌ವರ್ಡ್ ಬೇರೆ. ಲಾಗಿನ್‌ನದನ್ನು ಯಾರು ಹೇಗೆ ಬದಲಿಸಿದರೂ ಡಿಸ್ಕಿಗೆ ಏನೂ ಆಗುವುದಿಲ್ಲ. ಒಂದೇ ಡಿಸ್ಕಿಗೆ ಹಲವು ಪಾಸ್‌ವರ್ಡ್ ಇಡಲೂ ಬರುತ್ತದೆ: ಲಕ್ಸ್‌ನ ಮೊದಲ ಆವೃತ್ತಿಯಲ್ಲಿ 8, ಎರಡನೆಯದರಲ್ಲಿ 32 ಜಾಗಗಳಿವೆ. ಹೊಸದನ್ನು ಸೇರಿಸಿ, ಅದರಿಂದ ತೆರೆಯುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆ ಹಳೆಯದನ್ನು ತೆಗೆಯಬಹುದು. ಬದಲಾವಣೆಯ ನಡುವೆ ಹೊರಗೆ ಉಳಿದುಬಿಡುವ ಭಯವಿಲ್ಲ. ಆದರೆ ಒಂದೇ ಲ್ಯಾಪ್‌ಟಾಪನ್ನು ಮನೆಯ ಹಲವರು ಬಳಸುವಾಗ, ಒಮ್ಮೆ ಆನ್ ಆದ ಮೇಲೆ ನಿರ್ವಾಹಕನ ಅಧಿಕಾರವಿರುವವರಿಗೆ ಎಲ್ಲರ ಫೈಲೂ ಕಾಣುತ್ತದೆ ಎಂಬುದು ಅದರ ಕೊರತೆ.

ಮಾಷ್ಟ್ರ ಮನೆಯಲ್ಲಿ ಲ್ಯಾಪ್‌ಟಾಪ್ ಬಳಸುವವರು ಅವರೊಬ್ಬರೇ. ಸಂಚಿಕೆ ಅಚ್ಚಿಗೆ ಹೋದ ಮೇಲೆ ಡಿಸ್ಕನ್ನು ಲಕ್ಸ್‌ಗೆ ಬದಲಿಸುವುದೆಂದು ತೀರ್ಮಾನವಾಗಿದೆ. ಎರಡು ಪಾಸ್‌ವರ್ಡ್ ಇಡುತ್ತೇವೆ, ಒಂದು ಮಾಷ್ಟ್ರದ್ದು, ಇನ್ನೊಂದು ಲಕೋಟೆಗೆ. ಧ್ವನಿಮುದ್ರಣಗಳ ಇನ್ನೊಂದು ಪ್ರತಿಯನ್ನು, ಅದೂ ಎನ್‌ಕ್ರಿಪ್ಟ್ ಮಾಡಿದ ಬೇರೊಂದು ಡಿಸ್ಕಿನಲ್ಲಿ, ಅಳಿಯ ಮಂಗಳೂರಿಗೆ ಒಯ್ದಿದ್ದಾನೆ.